ಹಗ್ಗ ತೊಳೆಯುವ ದಿನ

ಒದ್ದೆ ಚಾದರಗಳ ಸಾಲಿನ ಹಿಂದೆ ಯಾರೋ ನಿಂತಿದ್ದರು.

ಅವಳಿಗೆ ಮೊದಲು ಕಂಡದ್ದು ಬೂಟು ಮಾತ್ರ. ಮಣ್ಣು ಮೆತ್ತಿದ ಕಪ್ಪು ಬೂಟು. ಆಸ್ಪತ್ರೆಯ ಬಿಳಿ ಚಾದರದ ಅಂಚಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗವಿತ್ತು.

“ಯಾರ್ರೀ ಅದು? ಕಾಲು ಆಚೆ ತೆಗೀರಿ.”

“ತಾಗಿಲ್ಲ ಮೇಡಂ.”

“ತಾಗೋವರೆಗೂ ನಾನು ಕಾಯ್ತಾ ನಿಂತಿರಬೇಕಿತ್ತಾ?”

ಅವಳು ಚಾದರ ಸರಿಸಿದಳು. ಎದುರಿಗಿದ್ದವನಿಗೆ ಹೆಚ್ಚುಕಡಿಮೆ ಅವಳದೇ ವಯಸ್ಸು. ಇಸ್ತ್ರಿ ಕಾಣದ ಅಂಗಿ. ಕೈಯಲ್ಲಿ ಅಳತೆಯ ಟೇಪು; ಅರ್ಧ ಹೊರಬಂದು ನೆಲಕ್ಕೆ ಜೋತುಬಿದ್ದಿತ್ತು. ಅವನು ಅವಳನ್ನು ನೋಡುತ್ತಿರಲಿಲ್ಲ. ತಲೆಯೆತ್ತಿ ಹಗ್ಗಗಳನ್ನು ನೋಡುತ್ತಿದ್ದ. ಒಂದರ ಹಿಂದೆ ಒಂದು, ಹಿಂದಿನ ಗೋಡೆಯವರೆಗೂ ಹೋದ ಸಾಲುಗಳನ್ನು... ದೆವ್ವ ಕಂಡವನ ಹಾಗೆ.

“ಈ ಹಗ್ಗ... ಯಾವಾಗಿಂದ ಇದೆ ಇಲ್ಲಿ?”

“ಹಗ್ಗ ಹೋದ ವರ್ಷ ಹೊಸದು ಹಾಕಿದ್ದು. ಕಂಬ ನಮ್ಮ ತಾತನ ಕಾಲದ್ದು. ಯಾಕೆ, ಅದನ್ನೂ ಅಳೀಬೇಕಾ?”

ಟೇಪು ಸರ್ರನೆ ಒಳಗೆ ಸೇರಿತು.

“ಕಚೇರಿಯಿಂದ ಬಂದಿದೀನಿ. ನೀವು ದೂರು ಕೊಟ್ಟಿದ್ರಲ್ಲ.”

“ಅಂತೂ ಕಚೇರಿಲಿ ಒಬ್ಬರಾದ್ರೂ ಕಣ್ಣು ಬಿಟ್ಟರು.”

ಅವನ ಮುಖದಲ್ಲಿ ರಕ್ತ ಇಂಗಿಹೋಗಿತ್ತು. ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡು ಅವಳು ನೀರು ತರಲು ಹೋದಳು. ಅವಳು ಬರುವಷ್ಟರಲ್ಲಿ ಅವನಿರಲಿಲ್ಲ.

ಅವನು ಆ ಜಾಗಕ್ಕೆ ಬಂದದ್ದು ಅದು ಎರಡನೇ ಸಲ. ಆಗ ಅದು ಗೊತ್ತಿದ್ದದ್ದು ಅವನೊಬ್ಬನಿಗೆ. ಈಗ ಓದುವ ನಿಮಗೂ ಗೊತ್ತಾಯಿತು. ಅವಳಿಗೆ ಗೊತ್ತಾಗುವುದಕ್ಕೆ ಬಹಳ ಕಾಲ ಹಿಡಿಯಿತು. ಗೊತ್ತಾದ ರೀತಿಯೂ ಚೆನ್ನಾಗಿರಲಿಲ್ಲ.

* * *

ಅವಳನ್ನು ಮನೆಯಲ್ಲಿ ಗಂಜಿ ಎಂದು ಕರೆಯುತ್ತಿದ್ದರು. ಊಟದ ಗಂಜಿಯಲ್ಲ, ಬಟ್ಟೆಗೆ ಹಾಕುವ ಗಂಜಿ. ಚಿಕ್ಕವಳಿದ್ದಾಗಿನಿಂದ ಯಾರಾದರೂ ಬೈದರೆ ಅಳುತ್ತಿರಲಿಲ್ಲ, ಸೆಟೆದು ನಿಲ್ಲುತ್ತಿದ್ದಳು. ಹೆಸರಿಟ್ಟದ್ದು ಅಪ್ಪ. ಲಾಂಡ್ರಿ ಅಪ್ಪನದು. ತಾಯಿ ಹೋದ ಮೇಲೆ ಅಪ್ಪನ ಅಕ್ಕ ಬಂದು ಇಸ್ತ್ರಿಯ ಮೇಜು ಹಿಡಿದಳು. ಆ ಅತ್ತೆಯ ನಾಲಿಗೆ ಇಸ್ತ್ರಿಪೆಟ್ಟಿಗೆಗಿಂತ ಬಿಸಿ.

ಲಾಂಡ್ರಿ ನಡೆಯುತ್ತಿದ್ದದ್ದು ಒಂದು ಆಸ್ಪತ್ರೆಯ ಮೇಲೆ. ದಿನಾ ಬೆಳಿಗ್ಗೆ ಗಾಡಿಯಲ್ಲಿ ಚಾದರಗಳ ಗಂಟು ಬರುತ್ತಿತ್ತು, ಮರುದಿನ ಒಣಗಿ ಮಡಿಚಿ ವಾಪಸ್ ಹೋಗುತ್ತಿತ್ತು. ಒಗೆಯಲು ಯಂತ್ರವಿತ್ತು, ಒಣಗಿಸಲು ಇರಲಿಲ್ಲ. ಒಣಗಿಸಲು ಮನೆಯ ಗೋಡೆಯಾಚೆ ಆ ಬಯಲಿತ್ತು, ಬಿಸಿಲಿತ್ತು.

ಪಕ್ಕದ ನಿವೇಶನದಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಎದ್ದು ನಿಂತಾಗ ಇವರಿಗೆ ಯಾರೂ ಒಂದು ಮಾತು ಕೇಳಿರಲಿಲ್ಲ. ಮನೆಗಳಿಗೆಂದು ಗುರುತಿಸಿದ ಜಾಗ ಅದು. ನಗರಾಭಿವೃದ್ಧಿ ಪ್ರಾಧಿಕಾರದವರು ಅದನ್ನು ಕಾರ್ಖಾನೆಗೆ ಬಳಸಬಹುದು ಎಂದು ಅನುಮತಿ ಕೊಟ್ಟಿದ್ದರು. ಅಪ್ಪ ದೂರು ಕೊಟ್ಟ. ಕೌಂಟರಿನಲ್ಲಿದ್ದವನು, ಅನುಮತಿ ಕೊಟ್ಟಾಗಿದೆ, ಇನ್ನು ಕೋರ್ಟಿಗೆ ಹೋಗಿ ಎಂದ. ಅವನು ಗದರಿಸಲು ಹೇಳಿದ್ದ. ಅಪ್ಪ ನಿಜವಾಗಿಯೂ ಹೋದ.

ಬಿಳಿ ಬಟ್ಟೆಯ ಮೇಲೆ ಕಲ್ಲಿನ ಬಿಳಿ ಧೂಳು ಕಾಣುವುದಿಲ್ಲ. ಒಣಗಿದ ಮೇಲೆ ಕೈಯಾಡಿಸಿದರೆ ಗೊತ್ತಾಗುತ್ತದೆ. ಕೈಗೆ ಗೊತ್ತಾಗದಿದ್ದರೆ ಮಲಗಿದ ರೋಗಿಯ ಬೆನ್ನಿಗೆ ಗೊತ್ತಾಗುತ್ತದೆ. ಆಸ್ಪತ್ರೆಯಿಂದ ಒಮ್ಮೆ ಗಂಟು ವಾಪಸ್ ಬಂತು. ಇನ್ನೊಮ್ಮೆ ಬಂತು. ಇನ್ನೂ ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಉಗ್ರಾಣದವರು ಹೇಳಿದರು.

ಅವರ ಕೇಸು ಹಿಡಿದ ವಕೀಲಮ್ಮ ನಿಧಾನವಾಗಿ ಮಾತಾಡುವ, ಬೇಗ ಓದುವ ಹೆಂಗಸು.

“ಅಕ್ಕಪಕ್ಕದವರಿಗೆ ನೋಟೀಸ್ ಕೊಟ್ಟು, ಅವರ ಮಾತು ಕೇಳಿಯೇ ಇಂಥ ಅನುಮತಿ ಕೊಡಬೇಕು,” ಎಂದಳು. “ನಿಮಗೆ ಯಾಕೆ ಕೊಡಲಿಲ್ಲ ಅಂದ್ರೆ, ನೀವು ಅಲ್ಲಿ ಇಲ್ಲವೇ ಇಲ್ಲ ಅಂತಾರೆ ಅವರು. ಸ್ಥಳ ಪರಿಶೀಲನೆಯ ವರದಿಯಲ್ಲಿ ಒಂದು ಸಾಲಿದೆ. ಪಕ್ಕದ್ದು ಖಾಲಿ ಜಾಗ, ಯಾವ ಬಳಕೆಯೂ ಇಲ್ಲ.”

“ನಾನು ಸತ್ತಿದೀನಾ ಹಾಗಾದ್ರೆ?” ಎಂದು ಅಪ್ಪ ಕೇಳಿದ.

“ಅವರ ಲೆಕ್ಕದಲ್ಲಿ ನೀವು ಹುಟ್ಟೇ ಇಲ್ಲ.”

ತೀರ್ಪು ಬರುವವರೆಗೆ ಯಂತ್ರ ನಿಲ್ಲಿಸಿ ಎಂದು ವಕೀಲಮ್ಮ ಕೇಳಿಕೊಂಡಳು. ನ್ಯಾಯಾಧೀಶರು ಆ ಸಾಲನ್ನು ಓದಿ, ಈಗಲೇ ನಿಲ್ಲಿಸಲಾಗದು ಎಂದರು. ಕೇಸು ನಡೆಯಿತು. ಯಂತ್ರವೂ ನಡೆಯಿತು.

* * *

ಅಳತೆಯವನು ಮತ್ತೆ ಬಂದ. ಈ ಸಲ ಟೇಪು ಇರಲಿಲ್ಲ, ಒಂದು ಚೀಲವಿತ್ತು.

“ಅಂಗಿ ಒಗೆಯೋಕೆ ಕೊಡಬಹುದಾ?”

“ಇದು ಲಾಂಡ್ರಿ. ಬೇರೆ ಏನು ಕೊಡ್ತಿದ್ರಿ?” ಎಂದಳು ಗಂಜಿ.

ಅವನು ಹೋದ ಮೇಲೆ ಅತ್ತೆ ಚೀಲ ಬಿಚ್ಚಿ ಮೂಸಿ ನೋಡಿದಳು.

“ಲಾಂಡ್ರಿಗೆ ತರೋರ ಅಂಗಿ ಕೊಳೆ ಇರುತ್ತೆ. ಇವನದು ಆಗಲೇ ಒಗೆದಿದೆ ಕಣೇ.”

“ಇನ್ನೂ ಬೆಳ್ಳಗೆ ಬೇಕೇನೋ.”

“ಅವನಿಗೆ ಏನು ಬೇಕು ಅಂತ ನನಗೆ ಗೊತ್ತು. ನೀನು ಸುಮ್ಮನೆ ಮಡಿಚು.”

ಅತ್ತೆಯೇ ಅವನಿಗೆ ಟೇಪು ಎಂದು ಹೆಸರಿಟ್ಟಳು. ಏನಪ್ಪಾ ಟೇಪು, ಬಂದ್ಯಾ? ಟೇಪು, ಟೀ ಕುಡೀತೀಯಾ? ಅವನು ಬರುತ್ತಿದ್ದ, ಕುಡಿಯುತ್ತಿದ್ದ. ಅಪ್ಪನ ಜೊತೆ ಗಂಟು ಇಳಿಸುತ್ತಿದ್ದ. ಯಾವ ಹೊತ್ತಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿ, ಬೆಳಗಿನ ಸಾಲನ್ನು ಆಚೆ ಗೋಡೆಯ ಪಕ್ಕಕ್ಕೆ ಬದಲಾಯಿಸಿಕೊಟ್ಟ. ಧೂಳು ಸ್ವಲ್ಪ ಕಡಿಮೆಯಾಯಿತು. ಸ್ವಲ್ಪವೇ.

ಗಂಜಿ ಒಣಗಿದ ಚಾದರವನ್ನು ಕೆನ್ನೆಗೆ ಒತ್ತಿ ಪರೀಕ್ಷಿಸುತ್ತಿದ್ದಳು. ಅಂಗೈ ಒರಟಾಗಿದೆ, ಅದಕ್ಕೆ ತಿಳಿಯುವುದಿಲ್ಲ, ಕೆನ್ನೆಗೆ ತಿಳಿಯುತ್ತದೆ. ಒಂದು ಮಧ್ಯಾಹ್ನ ಅವಳು ಹಾಗೆ ಒತ್ತಿ ಕಣ್ಣು ಮುಚ್ಚಿದ್ದಾಗ, ಅದೇ ಚಾದರದ ಇನ್ನೊಂದು ಪಕ್ಕ ಅವನು ಕೈಯಿಟ್ಟ. ಬಟ್ಟೆಯ ಮೂಲಕ ಅಂಗೈಯ ಬಿಸಿ ಬಂತು.

“ಹೇಗಿದೆ?” ಅವನು ಕೇಳಿದ.

“ಒರಟು.”

“ಮತ್ತೆ ಒಗೀಬೇಕಾ?”

“ಹೂಂ.”

ಇಬ್ಬರೂ ಅಲ್ಲಾಡಲಿಲ್ಲ.

ಇವನು ಯಾಕೆ ಬರ್ತಾನೆ ಅಂತ ನನಗೆ ಗೊತ್ತು... ಗೊತ್ತಿದೆ ಅಂತ ಇವನಿಗೂ ಗೊತ್ತಿರಬೇಕು... ಅವಳ ಜೀವನದಲ್ಲಿ ಅಲ್ಲಿಯವರೆಗೆ ಯಾರೂ ಒಂದು ಅಂಗಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರಲಿಲ್ಲ. ಅವಳಿಗೆ ಸಂತೋಷವಾಗುತ್ತಿತ್ತು. ಪಕ್ಕದ ಯಂತ್ರ ಕಿರ್ರೆನ್ನುತ್ತಿರುವಾಗ, ಗಂಟು ವಾಪಸ್ ಬರುತ್ತಿರುವಾಗ ತನಗೆ ಸಂತೋಷವಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಆದರೆ ಒಂದು ವಿಷಯ ಬಂದರೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

“ಆ ವರದಿ ಬರೆದ ಕಳ್ಳ ನನ್ನ ಕೈಗೆ ಸಿಗಬೇಕು. ಇದೇ ಹಬೆಯ ಹಂಡೆಗೆ ಹಾಕ್ತೀನಿ. ಇಲ್ಲಿಗೆ ಬಂದೇ ಇಲ್ಲ ಅವನು. ಕುರ್ಚೀಲಿ ಕೂತು, ಕಲ್ಲಿನ ಸಾಹುಕಾರನ ಕೈಯಿಂದ ತಿಂದು ಬರೆದಿದಾನೆ.”

“ಬಂದಿರಬಹುದು,” ಎಂದ ಟೇಪು.

“ಬಂದಿದ್ರೆ ಕುರುಡನಾ?”

“ತಿಂದಿರಲಿಕ್ಕಿಲ್ಲ.”

“ನೀವೇನು ಅವನ ವಕೀಲರಾ? ನಿಮ್ಮ ಕಚೇರಿಯವನು ಅಂತ ವಹಿಸ್ಕೊಂಡು ಬರಬೇಡಿ. ಯಾರು ಅಂತ ನಿಮಗೆ ಗೊತ್ತಾ?”

ಅವನು ಲೋಟ ಕೆಳಗಿಟ್ಟ. ಲೋಟ ಕಲ್ಲಿಗೆ ತಗುಲಿ ಸದ್ದಾಯಿತು.

“ವಿಚಾರಿಸ್ತೀನಿ,” ಎಂದ.

ಆ ಒಂದು ಮಾತನ್ನು ಅವನು ಆಡಬಾರದಿತ್ತು.

* * *

ಲಾಂಡ್ರಿಗೆ ವಾರಕ್ಕೊಂದು ರಜೆ. ಅಂಥ ಒಂದು ದಿನ ಅವನು ತಪ್ಪಿ ಬಂದುಬಿಟ್ಟ.

ಬಯಲಲ್ಲಿ ಏನೂ ಇರಲಿಲ್ಲ. ಹಗ್ಗವಿಲ್ಲ, ಕಂಬವಿಲ್ಲ. ಸಮತಟ್ಟಾದ ಬರಿಯ ನೆಲ. ಅವನು ಮೊದಲ ಸಲ ಕಂಡಿದ್ದ ನೆಲ.

ಒಳಗಡೆ ಹಂಡೆಯಲ್ಲಿ ಹಗ್ಗಗಳು ಕುದಿಯುತ್ತಿದ್ದವು. ಗಂಜಿ ದೊಣ್ಣೆಯಿಂದ ಅವನ್ನು ತಿರುವುತ್ತಿದ್ದಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು.

“ಹಗ್ಗ ಯಾಕೆ ಬೇಯಿಸ್ತಿದೀರಿ?”

“ಕೊಳೆ ಹಗ್ಗದ ಮೇಲೆ ಒದ್ದೆ ಬಟ್ಟೆ ಹಾಕಿದ್ರೆ ನಡುವೆ ಕಪ್ಪು ಗೆರೆ ಬೀಳುತ್ತೆ. ವಾರಕ್ಕೊಂದು ಸಲ ತೊಳೀಲೇಬೇಕು. ತಾತ ಮಾಡಿದ ನಿಯಮ.”

“ಕಂಬ?”

“ಅವನ್ನೂ ಕಿತ್ತು ಒರೆಸಿಡ್ತೀವಿ. ನೆಲದಲ್ಲಿ ಕೊಳವೆ ಇದೆ, ಅದಕ್ಕೆ ಮುಚ್ಚಳ ಹಾಕಿ ಮೇಲೆ ಮಣ್ಣು ಎಳೀತೀವಿ. ಇಲ್ಲದಿದ್ರೆ ಅತ್ತೆ ಎಡವಿ ಬಿದ್ದು ಇಡೀ ವಾರ ನಮ್ಮನ್ನ ಬೈತಾಳೆ.”

“ಒಂದ್ಸಲ ಬಿದ್ದಿದ್ದೆ, ಇನ್ನೂ ಹೇಳ್ತಾಳೆ ನೋಡು,” ಎಂದು ಒಳಗಿನಿಂದ ಅತ್ತೆ ಕೂಗಿದಳು.

ಅವನು ಒಗೆಯುವ ಕಲ್ಲಿನ ಮೇಲೆ ಕೂತ.

“ನಿಮಗೊಂದು ವಿಷಯ ಹೇಳಬೇಕು,” ಎಂದ.

ಗಂಜಿ ಹಗ್ಗ ತಿರುವುವುದನ್ನು ನಿಲ್ಲಿಸಿದಳು. ಇವತ್ತು ಹೇಳ್ತಾನೆ... ಹಗ್ಗ ಬೇಯಿಸೋ ಹಂಡೆ ಮುಂದೆ ನಿಂತಿರೋವಾಗಲೇ ಹೇಳಬೇಕಾ ಇವನು... ಅವಳು ದೊಣ್ಣೆ ಬಿಟ್ಟು ಕೈ ಒರೆಸಿಕೊಂಡಳು. ಅವಳ ಮುಖ ನೋಡಿ ಅವನಿಗೆ ಅರ್ಥವಾಯಿತು, ಅವಳು ಯಾವ ಮಾತಿಗೆ ಕಾಯುತ್ತಿದ್ದಾಳೆ ಎಂದು. ತಾನು ಹೇಳಹೊರಟಿದ್ದು ಆ ಮಾತಲ್ಲ ಎಂದೂ.

“ಏನು?” ಎಂದಳು.

“ಮುಂದಿನ ವಾರ ಬರೋಕಾಗಲ್ಲ. ಕಚೇರೀಲಿ ಕೆಲಸ ಇದೆ.”

ಅವಳು ಮತ್ತೆ ದೊಣ್ಣೆ ಹಿಡಿದಳು.

* * *

ಕೋರ್ಟಿನ ಹಾಲಿನಲ್ಲಿ ಫ್ಯಾನುಗಳು ಎತ್ತರದಲ್ಲಿ ತಿರುಗುತ್ತಿದ್ದವು; ಕೆಳಗಿನ ಬೆಂಚುಗಳಿಗೆ ಗಾಳಿ ಇಳಿಯುತ್ತಿರಲಿಲ್ಲ. ಅಪ್ಪನಿಗೆ ಕೆಲಸ ಬಿಟ್ಟು ಬರಲಾಗುತ್ತಿರಲಿಲ್ಲ. ಪ್ರತಿ ವಾಯಿದೆಗೂ ಗಂಜಿ ಒಬ್ಬಳೇ ಬಂದು ಕೂರುತ್ತಿದ್ದಳು.

ಯಾರೂ ಸ್ಥಳಕ್ಕೆ ಹೋಗಿಯೇ ಇಲ್ಲ, ಕಚೇರಿಯಲ್ಲಿ ಕೂತು ಬರೆದ ಸುಳ್ಳು ಅದು ಎಂದು ವಕೀಲಮ್ಮ ವಾದಿಸಿದ್ದಳು. ಹಾಗಿದ್ದರೆ ವರದಿ ಬರೆದವನನ್ನೇ ಕರೆಸಿ ಎಂದು ನ್ಯಾಯಾಧೀಶರು ಹೇಳಿದ್ದರು. ಇವತ್ತು ಅವನು ಬರುವ ದಿನ.

ಅಂತೂ ಮುಖ ನೋಡ್ತೀನಿ ಕಳ್ಳಂದು...

ಪ್ರಾಧಿಕಾರದ ವಕೀಲರ ಹಿಂದಿನಿಂದ ಒಬ್ಬ ಎದ್ದು ಮುಂದೆ ಹೋದ. ಅಂಗಿಯ ಇಸ್ತ್ರಿ ಚೆನ್ನಾಗಿತ್ತು. ಆ ಕಾಲರನ್ನು ಅವಳು ಬಲ್ಲಳು. ಅತ್ತೆ ಹಾಕಿದ ಇಸ್ತ್ರಿ ಅದು.

ಗಂಜಿಗೆ ಮೊದಲು ಬಂದ ಯೋಚನೆ, ಇವನು ತಪ್ಪಿ ಬೇರೆ ಕೋರ್ಟಿಗೆ ಬಂದಿದ್ದಾನೆ ಎಂಬುದು.

“ಈ ವರದಿ ಬರೆದದ್ದು ನೀವಾ?” ನ್ಯಾಯಾಧೀಶರು ಕೇಳಿದರು.

“ಹೌದು ಸ್ವಾಮಿ.”

“ಸ್ಥಳಕ್ಕೆ ಹೋಗಿದ್ರಾ?”

“ಹೋಗಿದ್ದೆ. ಖಾಲಿ ಇತ್ತು. ಕಂಡದ್ದನ್ನೇ ಬರೆದೆ.”

ಪ್ರಾಧಿಕಾರದ ವಕೀಲರು ತೃಪ್ತಿಯಿಂದ ಕೂತರು. ಟೇಪು ಮಾತ್ರ ಕೂರಲಿಲ್ಲ.

“ಇನ್ನೂ ಹೇಳೋದಿದೆ ಸ್ವಾಮಿ. ನಾನು ಹೋದದ್ದು ಅವರ ರಜೆ ದಿನ. ಆ ದಿನ ಹಗ್ಗ, ಕಂಬ ಎಲ್ಲ ತೆಗೆದು ತೊಳೀತಾರೆ. ಅದು ನನಗೆ ಗೊತ್ತಿರಲಿಲ್ಲ. ಕರ್ಕೊಂಡು ಹೋದವರಿಗೆ ಗೊತ್ತಿತ್ತು.”

“ಕರ್ಕೊಂಡು ಹೋದವರು ಯಾರು?”

“ಕಲ್ಲಿನ ಕಾರ್ಖಾನೆಯ ಮಾಲೀಕರು. ನಮ್ಮ ಕಚೇರೀಲಿ ಜೀಪಿಲ್ಲ. ಯಾರು ಅನುಮತಿ ಕೇಳ್ತಾರೋ ಅವರೇ ಗಾಡಿ ತರಬೇಕು. ಅವರು ಯಾವ ದಿನ ತರ್ತಾರೋ ಅದೇ ಪರಿಶೀಲನೆ ದಿನ. ಮೊದಲಿಂದಲೂ ಹೀಗೇ ನಡೀತಿದೆ. ಯಾರೂ ಅದನ್ನ ತಪ್ಪು ಅಂದುಕೊಂಡಿಲ್ಲ. ನಾನೂ ಅಂದುಕೊಂಡಿರಲಿಲ್ಲ.”

ಪ್ರಾಧಿಕಾರದ ವಕೀಲರು ಎದ್ದರು. ನ್ಯಾಯಾಧೀಶರು ಕೈ ತೋರಿಸಿ ಕೂರಿಸಿದರು.

“ಇದು ತಪ್ಪು ವರದಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ದೂರು ಬಂದಾಗ ನಾನೇ ನಡ್ಕೊಂಡು ಹೋಗಿ ನೋಡಿದೆ. ಬಯಲು ತುಂಬ ಚಾದರ ಇತ್ತು. ವಾಪಸ್ ಬಂದು ಮೇಲಿನವರಿಗೆ ಹೇಳಿದೆ. ಯಂತ್ರ ಕೂತಾಗಿದೆ, ಸುಮ್ಮನಿರು ಅಂದ್ರು.”

“ಸುಮ್ಮನಿದ್ರಾ?”

“ಇದ್ದೆ ಸ್ವಾಮಿ.”

“ಯಾಕೆ?”

“ಕೆಲಸ ಖಾಯಂ ಆಗಿರಲಿಲ್ಲ.”

ನ್ಯಾಯಾಧೀಶರು ಅದನ್ನೂ ಬರೆದುಕೊಂಡರು.

ಹೊರಗೆ, ಉದ್ದನೆಯ ಜಗಲಿಯಲ್ಲಿ, ಅವನು ಅವಳಿಗಾಗಿ ಕಾಯುತ್ತಿದ್ದ. ಅವಳು ಅವನನ್ನು ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ಎದುರಿಗೆ ಸೆಟೆದು ನಿಂತಳು.

“ನಮ್ಮನೇಲಿ ಎಷ್ಟು ಲೋಟ ಟೀ ಕುಡಿದ್ರಿ?”

“ಹೇಳಬೇಕು ಅಂತಲೇ ಪ್ರತಿ ಸಲ ಬರ್ತಿದ್ದೆ.”

“ಹೇಳದೇನೇ ಪ್ರತಿ ಸಲ ಹೋಗ್ತಿದ್ರಿ.”

“ಹೇಳಿದ್ರೆ ನೀವು ಮತ್ತೆ ಬಾಗಿಲಿಗೆ ಸೇರಿಸ್ತಿರಲಿಲ್ಲ.”

“ಸೇರಿಸ್ತಿರಲಿಲ್ಲ. ಅದನ್ನ ತೀರ್ಮಾನ ಮಾಡೋಕೆ ನನಗೆ ಬಿಡಬೇಕಿತ್ತು. ನಿಮ್ಮೆದುರಿಗೇ ನಾನು ಬೈತಿದ್ದೆ. ನೀವು ಕೂತು ಕೇಳ್ತಿದ್ರಿ. ವಿಚಾರಿಸ್ತೀನಿ ಅಂದ್ರಿ... ಯಾರನ್ನ ವಿಚಾರಿಸಿದ್ರಿ? ಕನ್ನಡೀನಾ?”

ಅವಳು ಉತ್ತರಕ್ಕೆ ಕಾಯಲಿಲ್ಲ.

“ಇವತ್ತು ನಿಜ ಹೇಳಿದೀರಿ. ನಮ್ಮ ಕೇಸಿಗೆ ಒಳ್ಳೇದಾಯ್ತು, ಧನ್ಯವಾದ. ಇನ್ನು ಅಂಗಿ ಬೇರೆ ಎಲ್ಲಾದ್ರೂ ಕೊಡಿ.”

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಪಕ್ಕದ ಹೆಂಗಸು, ಯಾಕಮ್ಮಾ ಅಳ್ತಿದೀಯಾ ಎಂದು ಕೇಳಿದಳು. ಕಣ್ಣಿಗೆ ಧೂಳು ಬಿತ್ತು ಎಂದಳು ಗಂಜಿ.

ಮನೆಯಲ್ಲಿ ಅಪ್ಪ ಎಲ್ಲ ಕೇಳಿದ. ಆಮೇಲೆ ನಕ್ಕ, ನಗುವಿನಲ್ಲಿ ಹುರುಪಿರಲಿಲ್ಲ.

“ಹಗ್ಗ ತೊಳೀಬೇಕು ಅಂದವನು ನಮ್ಮಪ್ಪ. ಅವನ ಮೇಲೂ ಒಂದು ಕೇಸು ಹಾಕೋಣವಾ?”

“ನಿನಗೆ ತಮಾಷೆ,” ಎಂದಳು ಗಂಜಿ.

“ತಮಾಷೆ ಅಲ್ಲ ಮಗಳೇ. ಅವತ್ತು ನಾವು ಹಗ್ಗ ತೊಳೀದೆ ಕೊಳಕರಾಗಿದ್ದಿದ್ರೆ ಅವನು ಸರಿಯಾಗೇ ಬರೀತಿದ್ದ.”

“ಆ ಹುಡುಗನ ಕೆಲಸ ಹೋಗುತ್ತೆ,” ಎಂದಳು ಅತ್ತೆ.

“ಹೋಗಲಿ,” ಎಂದಳು ಗಂಜಿ. ಅಂದವಳು ಎದ್ದು ಹೊರಗೆ ಹಗ್ಗಗಳ ಕಡೆ ಹೋದಳು.

* * *

ತೀರ್ಪು ಬಂತು. ಅನುಮತಿ ರದ್ದು. ಪಕ್ಕದವರ ಮಾತು ಕೇಳದೆ, ಅನುಮತಿ ಕೇಳಿದವನ ಗಾಡಿಯಲ್ಲಿ ಹೋಗಿ ನೋಡಿದ ವರದಿಯನ್ನು ನಂಬಿ ಕೊಟ್ಟದ್ದು ಸರಿಯಲ್ಲ. ಪ್ರಾಧಿಕಾರ ಹೊಸದಾಗಿ ಪರಿಶೀಲಿಸಿ ಹೊಸದಾಗಿ ತೀರ್ಮಾನಿಸಬೇಕು.

ಗೆದ್ದರು. ಪಕ್ಕದ ಯಂತ್ರ ನಿಂತಿತು. ಬಯಲು ಇದ್ದಕ್ಕಿದ್ದಂತೆ ಎಷ್ಟು ಮೌನವಾಯಿತೆಂದರೆ ಅಪ್ಪ ತನ್ನ ಕಿವಿ ಕೆಟ್ಟಿತೇ ಎಂದು ಬೆರಳು ಹಾಕಿ ನೋಡಿಕೊಂಡ.

ಗಂಜಿ ಆಸ್ಪತ್ರೆಗೆ ಫೋನು ಮಾಡಿದಳು. ಉಗ್ರಾಣದವರು ಸಂತೋಷ ಪಟ್ಟರು. ಒಳ್ಳೆಯದಾಯಿತಮ್ಮ, ಆದರೆ ಚಾದರಗಳನ್ನು ಹೋದ ತಿಂಗಳೇ ಬೇರೆಯವರಿಗೆ ಕೊಟ್ಟಾಯಿತು, ಅವರ ಬಳಿ ಒಣಗಿಸುವ ಯಂತ್ರವಿದೆ, ಧೂಳಿನ ಗೊಡವೆಯಿಲ್ಲ ಎಂದರು. ಮಾತಿನಲ್ಲಿ ವಿಷವಿರಲಿಲ್ಲ. ಅದಕ್ಕೇ ಜಗಳವಾಡಲೂ ಆಗಲಿಲ್ಲ.

ಹಗ್ಗಗಳು ಉಳಿದವು, ಹಾಕಲು ಬಟ್ಟೆ ಉಳಿಯಲಿಲ್ಲ. ಅಕ್ಕಪಕ್ಕದ ಮನೆಗಳ ನಾಲ್ಕಾರು ಅಂಗಿ, ಒಂದೆರಡು ಪರದೆ. ಅವಕ್ಕೆ ಒಂದು ಸಾಲು ಸಾಕಾಗುತ್ತಿತ್ತು.

ಹೊಸ ಪರಿಶೀಲನೆಯ ದಿನ ಗೊತ್ತಾದಾಗ ಅತ್ತೆ ಟ್ರಂಕು ತೆರೆದಳು.

“ಹಳೇ ಚಾದರ, ಹಳೇ ಪರದೆ, ನನ್ನ ಸೀರೆ, ಎಲ್ಲ ನೆನೆಸಿ ಎಲ್ಲ ಹಗ್ಗದ ಮೇಲೂ ಹಾಕೋಣ. ಬಂದವನಿಗೆ ಏನು ಗೊತ್ತಾಗುತ್ತೆ?”

ಅಪ್ಪ ಒಪ್ಪಿದ. ಗಂಜಿಯೂ ಬಕೆಟ್ಟು ತುಂಬಿಸಿದಳು. ಮೊದಲ ಚಾದರವನ್ನು ಹಗ್ಗದ ಮೇಲೆ ಎಸೆದಳು. ಎರಡನೆಯದನ್ನು ಎತ್ತಿದಳು... ಎತ್ತಿದ ಕೈ ಹಾಗೇ ನಿಂತಿತು.

ನಾನು ಈಗ ಏನು ಮಾಡ್ತಿದೀನಿ? ನೋಡೋಕೆ ಬರೋನಿಗೆ ಇಲ್ಲದ್ದನ್ನ ತೋರಿಸ್ತಿದೀನಿ. ಸಾಹುಕಾರ ಅವತ್ತು ಮಾಡಿದ್ದೂ ಇದೇ ಅಲ್ವಾ... ನಿಜ ಹೇಳಿದವನೊಬ್ಬ ಕೆಲಸ ಕಳ್ಕೊಂಡು ಮನೇಲಿ ಕೂತಿದಾನಂತೆ...

“ಬೇಡ ಅತ್ತೆ,” ಎಂದಳು.

“ಹುಚ್ಚು ಹಿಡೀತಾ ನಿನಗೆ? ಖಾಲಿ ಅಂತ ಬರ್ಕೊಂಡ್ರೆ ಮತ್ತೆ ಅನುಮತಿ ಕೊಡ್ತಾರೆ.”

“ಗೊತ್ತು. ತೆಗೀರಿ.”

ಅತ್ತೆ ಅಪ್ಪನ ಮುಖ ನೋಡಿದಳು. ಅಪ್ಪ ಹಾಕಿದ ಚಾದರವನ್ನು ಎಳೆದು ಹಿಂಡಿ ಮಡಿಚಿದ.

ಪರಿಶೀಲನೆಗೆ ಬಂದವನು ವಯಸ್ಸಾದ ಮನುಷ್ಯ. ಕೋರ್ಟಿನ ಮಾತಿಗೆ ಹೆದರಿ ಈ ಸಲ ಬಸ್ಸಿನಲ್ಲೇ ಬಂದಿದ್ದ. ಸಭ್ಯನಾಗಿದ್ದ. ಕಂಬಗಳನ್ನು ನೋಡಿದ, ಬರಿಯ ಹಗ್ಗಗಳನ್ನು ನೋಡಿದ, ಒಂದು ಸಾಲಿನಲ್ಲಿ ತೂಗುತ್ತಿದ್ದ ನಾಲ್ಕು ಅಂಗಿಗಳನ್ನು ನೋಡಿದ.

“ಇಷ್ಟೇನಾ ಬಟ್ಟೆ?”

“ಈಗ ಇಷ್ಟೇ,” ಎಂದಳು ಗಂಜಿ. “ಕಾರ್ಖಾನೆ ಬರೋದಕ್ಕೆ ಮುಂಚೆ ಎಲ್ಲ ಹಗ್ಗ ತುಂಬಿರ್ತಿತ್ತು. ಖಾಲಿ ಇದೆ ಅಂತ ಬರ್ಕೊಳ್ಳಿ. ಯಾಕೆ ಖಾಲಿಯಾಯ್ತು ಅಂತಲೂ ಬರ್ಕೊಳ್ಳಿ.”

ಅವನು ಹಾಳೆಯನ್ನು ತಿರುಗಿಸಿ ನೋಡಿದ. ನಿಜವಾಗಿಯೂ ಹುಡುಕಿದ.

“ಯಾಕೆ ಅನ್ನೋದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ,” ಎಂದ. “ಏನಿದೆ ಅಂತ ಮಾತ್ರ ಕೇಳ್ತಾರೆ.”

ಅವನು ಹೋದ ಮೇಲೂ ಗಂಜಿ ಅಲ್ಲೇ ನಿಂತಿದ್ದಳು. ಈ ಮುದುಕ ಕೆಟ್ಟವನಲ್ಲ. ದುಡ್ಡು ತಿಂದಿಲ್ಲ, ಸುಳ್ಳು ಬರೆಯುವುದಿಲ್ಲ. ಇವನು ಬರೆಯುವ ನಿಜದಿಂದಲೇ ಬಯಲು ಮತ್ತೆ ಧೂಳಿನ ಪಾಲಾಗುತ್ತದೆ. ಪಕ್ಕದ್ದು ಖಾಲಿ ಜಾಗ ಎಂಬ, ಮೊದಲು ಸುಳ್ಳಾಗಿದ್ದ ಆ ಒಂದು ಸಾಲು, ಅದೇ ಸಾಲಿನಿಂದಾಗಿ, ಈಗ ನಿಜವಾಗಿತ್ತು.

ಪ್ರಾಧಿಕಾರದ ವಿಚಾರಣೆಯಲ್ಲಿ ಅವಳು ಮಾತಾಡಿದಳು. ಅವರು ಕೇಳಿಸಿಕೊಂಡರು, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಮತ್ತೆ ಅನುಮತಿ ಕೊಟ್ಟರು.

* * *

ಬಸ್ ನಿಲ್ದಾಣದ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಅದರ ಮೂಲೆಯಲ್ಲಿ, ಕಾಗದದ ಬಂಡಲುಗಳ ನಡುವೆ, ಟೇಪು ಸ್ಟೂಲಿನ ಮೇಲೆ ಕೂತು ಯಾರದೋ ಮನೆಯ ಮೇಲಿನ ಒಂದು ಕೋಣೆಗೆ ನಕ್ಷೆ ಬರೆಯುತ್ತಿದ್ದ. ಅವನನ್ನು ಅಮಾನತು ಮಾಡಿದ್ದರು. ಯಾವಾಗ ವಾಪಸ್ ಕರೆಯುತ್ತಾರೆ, ಕರೆಯುತ್ತಾರೋ ಇಲ್ಲವೋ, ಯಾರೂ ಹೇಳಿರಲಿಲ್ಲ.

ಕಚೇರಿಯಲ್ಲಿ ವಿಚಾರಿಸಿಕೊಂಡು ಅವಳು ಬಂದು ನಿಂತಾಗ ಅವನು ಗಿರಾಕಿ ಎಂದುಕೊಂಡ. ತಲೆಯೆತ್ತದೆ, “ಎಷ್ಟಕ್ಕೆ ಎಷ್ಟು ನಿವೇಶನ?” ಎಂದು ಕೇಳಿದ.

“ಮತ್ತೆ ಕೊಟ್ಟರು,” ಎಂದಳು ಗಂಜಿ.

ಅವನು ಪೆನ್ಸಿಲು ಕೆಳಗಿಟ್ಟ.

“ಅನುಮತಿನಾ?”

“ಷರತ್ತು ಹಾಕಿದಾರೆ. ಗೋಡೆ ಎತ್ತರ ಮಾಡಬೇಕಂತೆ, ಧೂಳಿಗೆ ನೀರು ಹೊಡೀಬೇಕಂತೆ. ನಿನ್ನೆಯಿಂದ ಯಂತ್ರ ಶುರು.”

“ನೀರು ಹೊಡೆಯಲ್ಲ ಅವರು.”

“ಗೊತ್ತು.”

ಜೆರಾಕ್ಸ್ ಯಂತ್ರ ಒಂದು ಕಾಗದವನ್ನು ಉಗುಳಿತು. ಅಂಗಡಿಯವನು ಇಬ್ಬರನ್ನೂ ನೋಡಿ, ಟೀ ತರ್ತೀನಿ ಎಂದು ಹೊರಗೆ ಹೋದ.

“ಅತ್ತೆ ಹಳೇ ಬಟ್ಟೆಯೆಲ್ಲ ಹಾಕೋಣ ಅಂದ್ರು, ಬಯಲು ತುಂಬಿರೋ ಹಾಗೆ ಕಾಣಲಿ ಅಂತ. ನಾನೇ ಬೇಡ ಅಂದೆ.”

“ಹಾಕಬೇಕಿತ್ತು.”

“ನೀವು ಹೀಗೆ ಹೇಳ್ತೀರಾ?”

“ನಿಜ ಹೇಳಿ ನನಗೆ ಸಿಕ್ಕಿದ್ದು ಈ ಸ್ಟೂಲು. ಅದೂ ಒಂದು ಕಾಲು ಅಲ್ಲಾಡುತ್ತೆ.”

ಅವಳಿಗೆ ನಗು ಬಂತು. ನಗುತ್ತಲೇ ಮುಖ ಕೆಟ್ಟಿತು. ಸೆಟೆದಿದ್ದ ಭುಜಗಳು ಕುಸಿದವು. ಅಷ್ಟು ದಿನ ಅಪ್ಪನೆದುರು, ಅತ್ತೆಯೆದುರು ಹಿಡಿದಿಟ್ಟದ್ದು ಒಂದು ಜೆರಾಕ್ಸ್ ಅಂಗಡಿಯಲ್ಲಿ ಹರಿಯಿತು. ಅವನು ಎದ್ದು ರಸ್ತೆಗೆ ಬೆನ್ನು ಮಾಡಿ, ಅವಳು ಹೊರಗಿನವರಿಗೆ ಕಾಣದ ಹಾಗೆ ಅಡ್ಡ ನಿಂತ. ಮುಟ್ಟಲಿಲ್ಲ.

“ಅಪ್ಪ ಒಗೆಯೋ ಯಂತ್ರ ಮಾರ್ತಾರೆ,” ಎಂದಳು, ಸ್ವಲ್ಪ ಹೊತ್ತಿನ ಮೇಲೆ. “ಇಸ್ತ್ರಿ ಮಾತ್ರ ಇಟ್ಕೊಳ್ತೀವಿ.”

“ನನ್ನಿಂದ.”

“ನಿಮ್ಮಿಂದಲೂ. ಇಲ್ಲ ಅಂತ ಹೇಳೋಕೆ ಬಂದಿಲ್ಲ ನಾನು.”

“ಮತ್ತೆ ಯಾಕೆ ಬಂದ್ರಿ?”

ಯಾಕೆ ಬಂದೆ... ಬಸ್ಸು ಹತ್ತುವಾಗ ನೂರು ಮಾತು ಇತ್ತಲ್ಲ...

“ಹೊಸಬ ಒಬ್ಬ ಬಂದಿದ್ದ ನೋಡೋಕೆ. ಒಳ್ಳೆಯವನು. ನಮ್ಮ ಕಥೆ ಮುಗಿಸಿ ಹೋದ. ಅವನ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ನಿಮ್ಮ ಮೇಲೆ ಮಾತ್ರ ಇನ್ನೂ ಇದೆ. ಯಾಕೆ ಅಂತ ಯೋಚಿಸಿದೆ... ಅವನು ಯಾರೋ, ಅದಕ್ಕೆ. ನೀವು ಯಾರೋ ಅಲ್ಲ.”

“ಮೊದಮೊದಲು ತಪ್ಪಿತಸ್ಥ ಅಂತ ಬರ್ತಿದ್ದೆ,” ಎಂದ. “ಆಮೇಲೆ ನಿಮ್ಮನ್ನ ನೋಡೋಕೆ ಬಂದೆ. ಎರಡೂ ಕಲಸಿಹೋಯ್ತು. ಹಂಡೆ ಹತ್ತಿರ ಅವತ್ತು ಒಂದನ್ನ ಹೇಳೋಕೆ ಬಾಯಿ ತೆಗೆದೆ, ನೀವು ಇನ್ನೊಂದಕ್ಕೆ ಕಾಯ್ತಿದ್ರಿ. ಹೆದರಿ ಎರಡನ್ನೂ ನುಂಗಿದೆ.”

“ಒಂದನ್ನ ಕೋರ್ಟಲ್ಲಿ ಹೇಳಿದ್ರಿ.”

“ಇನ್ನೊಂದು ಈಗ ಹೇಳಲಾ?”

“ಹೇಳಿಬಿಟ್ರಲ್ಲ,” ಎಂದಳು ಅವಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೊರಗೆ ಒಂದು ಬಸ್ಸು ಹೊರಟಿತು. ಅವಳು ಹತ್ತಬೇಕಿದ್ದ ಬಸ್ಸು. ಅವಳು ಅದನ್ನು ನೋಡಿದಳು, ಕದಲಲಿಲ್ಲ.

“ವಕೀಲಮ್ಮ ಇನ್ನೊಂದು ಸಲ ಕೋರ್ಟಿಗೆ ಹೋಗೋಣ ಅಂತಾರೆ. ಅಪ್ಪ ಸಾಕು ಅಂದ್ರು. ನಾನು ಹೋಗ್ತೀನಿ.”

“ಗೆದ್ದರೂ ಚಾದರ ವಾಪಸ್ ಬರಲ್ಲ.”

“ಬರಲ್ಲ. ನಾವು ಅಲ್ಲಿದ್ವಿ ಅಂತ ಅವರ ಕೈಯಲ್ಲೇ ಒಂದು ಕಡೆ ಬರೆಸಬೇಕು. ಅಷ್ಟೇ.”

“ಮತ್ತೆ ಬಂದು ಸಾಕ್ಷಿ ಹೇಳ್ತೀನಿ.”

“ಸಾಕ್ಷಿ ಬೇಡ. ನನ್ನ ಪಕ್ಕ ಕೂತ್ಕೊಳ್ಳೋಕೆ ಬನ್ನಿ. ಆ ಬೆಂಚಿನ ಮೇಲೆ ಒಬ್ಬಳೇ ಕೂತು ಸಾಕಾಗಿದೆ.”

“ಬರ್ತೀನಿ.”

“ಸಿಟ್ಟು ಹೋಗಿಲ್ಲ, ನೆನಪಿರಲಿ.”

“ಇರಲಿ. ಎಷ್ಟು ದಿನ ಬೇಕಾದ್ರೂ ಇರಲಿ. ನಾನಂತೂ ಎದ್ದು ಹೋಗಲ್ಲ.”

ಅವಳು ಅವನ ಕೈ ಹಿಡಿದಳು. ಪೆನ್ಸಿಲಿನ ಕಪ್ಪು ಅವಳ ಬೆರಳಿಗೆ ಹತ್ತಿತು. ಒರೆಸಿಕೊಳ್ಳಲಿಲ್ಲ.